ಹಕ್ಕುಪತ್ರವಿಲ್ಲದ ಊರಲ್ಲಿ ಮನೆತನದ ಆಳ್ವಿಕೆ: ಡಿಚೋಲಿ, ಸತ್ತರಿ ಹೇಳುವ ಪಾಠ

ಬೆಳಗಾವಿಯಿಂದ ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವೆಯ ಸತ್ತರಿ ತಾಲ್ಲೂಕಿನ ಕೇರಿ ಸಿಗುತ್ತದೆ. ಪರ್ಯೆಯ ಮೇಲೆ ಹಾದು ಸಾಖಳಿ, ಅಲ್ಲಿಂದ ಮುಂದೆ ಡಿಚೋಲಿ. ಬೆಳಗಾವಿಯ ತರಕಾರಿ, ಹಾಲು ಗೋವೆಯ ಅಡುಗೆಮನೆಗಳಿಗೆ ದಿನವೂ ಇಳಿಯುವ ದಾರಿಗಳಲ್ಲಿ ಇದೂ ಒಂದು. ಅಕ್ಕಪಕ್ಕದ ಈ ಎರಡು ತಾಲ್ಲೂಕುಗಳ ಮಾತು ಒಂದೇ, ಹಬ್ಬ ಒಂದೇ, ಮದುವೆ ಸಂಬಂಧಗಳೂ ಹೆಣೆದುಕೊಂಡಿವೆ. ಚುನಾವಣೆಯ ವಿಷಯಕ್ಕೆ ಬಂದರೆ ಮಾತ್ರ ಇವೆರಡರ ದಾರಿ ಬೇರೆ ಬೇರೆ.

ಸತ್ತರಿಯಲ್ಲಿ 1972ರಿಂದ ಇಂದಿನವರೆಗೂ ಒಂದೇ ಮನೆಯ ಮಾತು ನಡೆಯುತ್ತಿದೆ. ಗೋವೆಯ ಮೊಟ್ಟಮೊದಲ ರಾಜಕೀಯ ಕುಟುಂಬದ ಮಗಳನ್ನು ವಿಧಾನಸಭೆಗೆ ಕಳಿಸಿದ ಡಿಚೋಲಿ ಕ್ಷೇತ್ರ ಆಮೇಲೆ ಯಾವ ಮನೆಗೂ ಕಾಯಂ ಆಗಿ ಒಲಿದಿಲ್ಲ. ಕುಟುಂಬ ರಾಜಕಾರಣ ಕೆಟ್ಟದ್ದು ಎಂಬ ಮಾತನ್ನು ಎಲ್ಲ ಪಕ್ಷದವರೂ ಭಾಷಣದಲ್ಲಿ ಆಡುತ್ತಾರೆ. ಅದು ಒಂದು ಊರಿನಲ್ಲಿ ಬೇರುಬಿಟ್ಟು ಪಕ್ಕದ ಊರಿನಲ್ಲಿ ಏಕೆ ಬೇರು ಬಿಡಲಿಲ್ಲ ಎಂದು ಕೇಳುವವರು ಕಡಿಮೆ. ಈ ಲೇಖನದ ಪ್ರಶ್ನೆ ಅದೇ.

ಭಾವುಸಾಹೇಬರ ಮನೆ

1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳ್ವಿಕೆ ಕೊನೆಗೊಂಡಿತು. ಎರಡು ವರ್ಷದ ನಂತರ, 1963ರ ಡಿಸೆಂಬರಿನಲ್ಲಿ, ಗೋವೆಯ ಜನ ಮೊದಲ ಸಲ ಮತ ಹಾಕಿದರು. ದೇಶದ ತುಂಬ ಕಾಂಗ್ರೆಸ್ಸಿನದೇ ಗಾಳಿ ಇದ್ದ ಕಾಲದಲ್ಲೂ ಗೋವೆಯ ನೆಲದಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಸಿಗಲಿಲ್ಲ. ಗೆದ್ದದ್ದು ಜನ ‘ಭಾವುಸಾಹೇಬ’ ಎನ್ನುತ್ತಿದ್ದ ದಯಾನಂದ ಬಾಂದೋಡ್ಕರರ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷ, ಜನರ ಬಾಯಲ್ಲಿ ‘ಮಗೋ’. ಬಾಂದೋಡ್ಕರರು ಗಣಿ ಮಾಲೀಕರು, ಶ್ರೀಮಂತರು. ಅವರ ಬೆನ್ನಿಗಿದ್ದವರು ಮಾತ್ರ ಭಾಟ್ಕಾರರ, ಅಂದರೆ ಜಮೀನ್ದಾರರ, ಹೊಲದಲ್ಲಿ ದುಡಿಯುತ್ತಿದ್ದ ಬಹುಜನ ಸಮಾಜದವರು. ಹಳ್ಳಿಹಳ್ಳಿಗೆ ಮರಾಠಿ ಶಾಲೆ ಬಂತು, 1964ರಲ್ಲಿ ಗೇಣಿ ಕಾನೂನು ಬಂತು. ಗೋವೆಯನ್ನು ಮಹಾರಾಷ್ಟ್ರದಲ್ಲಿ ವಿಲೀನ ಮಾಡಬೇಕೆಂಬುದು ಪಕ್ಷದ ಘೋಷಣೆ. 1967ರ ಜನವರಿ 16ರ ಜನಮತದಲ್ಲಿ ವಿಲೀನದ ವಿರುದ್ಧ 1,72,191, ಪರವಾಗಿ 1,38,170 ಮತ ಬಿದ್ದವು. ಆ ಸೋಲಿನ ಬೆನ್ನಿಗೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಜನ ಮತ್ತೆ ಭಾವುಸಾಹೇಬರನ್ನೇ ಗೆಲ್ಲಿಸಿದರು. ಘೋಷಣೆಯನ್ನು ತಿರಸ್ಕರಿಸಿ ನಾಯಕನನ್ನು ಉಳಿಸಿಕೊಂಡ ಆ ತೀರ್ಪನ್ನು ನೋಡಿದರೆ, ಜನರಿಗೆ ಅವರಿಂದ ಬೇಕಾಗಿದ್ದದ್ದು ಶಾಲೆ ಮತ್ತು ನೆಲ ಎಂಬುದು ತಿಳಿಯುತ್ತದೆ.

1973ರ ಆಗಸ್ಟ್ 12ರಂದು ಬಾಂದೋಡ್ಕರರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮರುದಿನವೇ ಮಗಳು ಶಶಿಕಲಾ ಕಾಕೋಡ್ಕರ್ ಮುಖ್ಯಮಂತ್ರಿಯಾದರು. ಗೋವೆಗೆ ಇಂದಿಗೂ ಅವರೊಬ್ಬರೇ ಮಹಿಳಾ ಮುಖ್ಯಮಂತ್ರಿ. ಅವರು ಆರಿಸಿ ಬಂದದ್ದು ಡಿಚೋಲಿಯಿಂದ. ಆರು ವರ್ಷದೊಳಗೆ ಆ ಸರ್ಕಾರ ಎರಡು ದೊಡ್ಡ ಕೆಲಸ ಮಾಡಿತು. 1975ರ ಮುಂಡ್ಕಾರ ಕಾನೂನು ಭಾಟ್ಕಾರನ ಜಾಗದಲ್ಲಿ ಮನೆ ಕಟ್ಟಿಕೊಂಡು ಬಾಳುವವರನ್ನು ಒಕ್ಕಲೆಬ್ಬಿಸದಂತೆ ತಡೆಯಿತು. 1976ರಲ್ಲಿ ಗೇಣಿ ಕಾನೂನಿಗೆ ಆದ ಐದನೇ ತಿದ್ದುಪಡಿ ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿತು. ನಮ್ಮಲ್ಲಿ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕರಾವಳಿಯ ಗೇಣಿದಾರರಿಗೆ ಏನಾಗಿತ್ತೋ, ಗೋವೆಯ ಉಳುವವರಿಗೆ ಇದು ಅದೇ ಆಗಿತ್ತು.

1979ರ ಏಪ್ರಿಲಿನಲ್ಲಿ ಸ್ವಂತ ಪಕ್ಷದ ಶಾಸಕರೇ ಕೈಕೊಟ್ಟು ಆ ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. 1980ರ ಚುನಾವಣೆಯಲ್ಲಿ ಮಗೋ ಏಳು ಸ್ಥಾನಕ್ಕೆ ಕುಸಿಯಿತು. ಮನೆಯೊಳಗಿನ ಜಗಳ, ಇಂದಿರಾ ಗಾಂಧಿಯವರ ಮರಳುವಿಕೆ, ಕೊಂಕಣಿ–ಮರಾಠಿ ವಾದ, ಹೀಗೆ ಕಾರಣಗಳು ಹಲವು. ಅವುಗಳ ನಡುವೆ ಹೆಚ್ಚು ಜನ ಗಮನಿಸದ ಒಂದು ಕಾರಣವಿದೆ. ಹೊಲದ ಹಕ್ಕು ಕೈಗೆ ಬಂದ ರೈತ ನಾಳೆಯ ಮತವನ್ನು ಯಾರ ಮುಲಾಜೂ ಇಲ್ಲದೆ ಹಾಕಬಲ್ಲ. ಬಾಂದೋಡ್ಕರ್ ಕುಟುಂಬ ತನ್ನ ಜನರನ್ನು ಹಂಗಿನಿಂದ ಬಿಡಿಸಿತು. ಬಿಡುಗಡೆಯಾದ ಜನ ಆ ಕುಟುಂಬವನ್ನೂ ಬಿಟ್ಟು ನಡೆದರು. ಒಂದು ರಾಜಕೀಯ ಮನೆತನಕ್ಕೆ ಇದಕ್ಕಿಂತ ದೊಡ್ಡ ಗೌರವ ಇಲ್ಲ ಎಂದು ನಾನು ನಂಬುತ್ತೇನೆ.

ಸಾಖಳಿಯ ರಾಣೆಯವರು

ಸತ್ತರಿಯ ರಾಣೆ ಮನೆತನಗಳ ಹೆಸರು ಗೋವೆಯ ಇತಿಹಾಸದಲ್ಲಿ ಬಂಡಾಯದ ಹೆಸರು. 1852ರಲ್ಲಿ ದೀಪಾಜಿ ರಾಣೆ ನಾನೂಸ್ ಕೋಟೆಯನ್ನು ಹಿಡಿದು ಪೋರ್ಚುಗೀಸರ ವಿರುದ್ಧ ನಡೆಸಿದ ಹೋರಾಟ ಮೂರು ವರ್ಷ ನಡೆಯಿತು. 1895ರಲ್ಲಿ ಮತ್ತೆ ದಂಗೆಯೆದ್ದಿತು. ರಾಣೆ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆಯವರಲ್ಲ, ಕವಲುಗಳು ಅನೇಕ. ಆದರೂ ಹಳ್ಳಿಗಳ ಮೇಲಿದ್ದ ಮೊಕಾಸೆಯ, ಅಂದರೆ ಇನಾಮಿನ, ಹಕ್ಕು ಆ ಹೆಸರಿಗೆ ಯಜಮಾನಿಕೆಯ ತೂಕ ಕೊಟ್ಟಿತ್ತು. ಸಾಖಳಿಯ ಪಕ್ಕದ ಕಾರಾಪುರದಲ್ಲಿ, ವಾಳವಂಟಿ ನದಿಯ ದಡದ ವಿಠ್ಠಲಾಪುರದಲ್ಲಿ, ಸಾಖಳಿಯ ರಾಣೆಯವರ ಮನೆತನದ ವಿಠ್ಠಲ ಮಂದಿರವಿದೆ. ಚೈತ್ರದ ಉತ್ಸವಕ್ಕೆ ಎರಡೂ ತಾಲ್ಲೂಕಿನ ಜನ ಅಲ್ಲಿ ಸೇರುತ್ತಾರೆ. ಸಾಖಳಿ, ಕಾರಾಪುರ ಎರಡೂ ಡಿಚೋಲಿ ತಾಲ್ಲೂಕಿನವು. ಮನೆ ಡಿಚೋಲಿಯಲ್ಲಿ, ಮತ ಸತ್ತರಿಯಲ್ಲಿ.

ಈ ಮನೆಯ ಪ್ರತಾಪಸಿಂಗ ರಾಣೆ ಹುಟ್ಟಿದ್ದು 1939ರಲ್ಲಿ. ಅಮೆರಿಕದಲ್ಲಿ ಓದಿ ಬಂದವರು. 1972ರಲ್ಲಿ ಮಗೋ ಪಕ್ಷದಿಂದಲೇ ಸತ್ತರಿಯಲ್ಲಿ ಗೆದ್ದು ಬಾಂದೋಡ್ಕರರ ಸಂಪುಟ ಸೇರಿದರು. ಗೋವೆಯ ಎರಡನೇ ರಾಜಕೀಯ ಮನೆತನ ಹೀಗೆ ಮೊದಲನೆಯದರ ಅಂಗಳದಲ್ಲೇ ಬೆಳೆಯಿತು. ಕಾಂಗ್ರೆಸ್ಸಿಗೆ ಬಂದ ಮೇಲೆ 1980ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. 1987ರ ಮೇ 30ರಂದು ಗೋವಾ ರಾಜ್ಯವಾದಾಗ ಅಧಿಕಾರದಲ್ಲಿದ್ದವರು ಅವರೇ. ಆ ಬಳಿಕವೂ 1994ರಲ್ಲಿ, 2005ರಲ್ಲಿ ಮತ್ತೆ ಆ ಕುರ್ಚಿಗೆ ಬಂದರು. ಮೊದಲು ಸತ್ತರಿ, ಆಮೇಲೆ ಪರ್ಯೆ ಎಂದು ಕ್ಷೇತ್ರದ ಹೆಸರು ಬದಲಾಯಿತು, ಅವರು ಮಾತ್ರ ಒಮ್ಮೆಯೂ ಸೋಲಲಿಲ್ಲ. ಜನ ಅವರನ್ನು ‘ಖಾಶೆ’ ಎಂದೇ ಕರೆಯುತ್ತಾರೆ. ಏರುದನಿಯಲ್ಲಿ ಮಾತಾಡದ, ಕಡತವನ್ನು ಓದಿಯೇ ರುಜು ಹಾಕುವ ಆಡಳಿತಗಾರ ಎಂಬ ಹೆಸರು ವಿರೋಧಿಗಳಲ್ಲೂ ಇತ್ತು. ಚೋರ್ಲಾ ದಾರಿಯಲ್ಲಿ ಕೇರಿಯ ಬಳಿ ಕಾಣುವ ಅಂಜುಣೆ ಅಣೆಕಟ್ಟು ಅವರ ಕಾಲದ್ದು.

ಮಗ ವಿಶ್ವಜಿತ್ ರಾಣೆ 2007ರಲ್ಲಿ ಪಕ್ಕದ ವಾಳಪೈ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು, ಆರೋಗ್ಯ ಸಚಿವರಾದರು. ಮೂರು ವರ್ಷದ ಬಳಿಕ ಕಾಂಗ್ರೆಸ್ ಸೇರಿ ಉಪಚುನಾವಣೆಯಲ್ಲಿ ಗೆದ್ದರು. 2017ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ವಿಶ್ವಾಸಮತದ ದಿನವೇ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಮತದಾರರು ಹೊಸ ಚಿಹ್ನೆಗೆ ಮತ ಹಾಕಿ ಅವರನ್ನೇ ಆರಿಸಿದರು. ಮುಂದಿನ ಐದು ವರ್ಷ ತಂದೆ ಕಾಂಗ್ರೆಸ್ಸಿನ ಶಾಸಕ, ಮಗ ಬಿಜೆಪಿಯ ಸಚಿವ. 2022ರ ಚುನಾವಣೆಗೆ ಕಾಂಗ್ರೆಸ್ ಪರ್ಯೆಯಲ್ಲಿ ತಂದೆಯ ಹೆಸರು ಪ್ರಕಟಿಸಿತು. ಸದನದಲ್ಲಿ ಐವತ್ತು ವರ್ಷ ತುಂಬಿದ್ದಕ್ಕೆ ಬಿಜೆಪಿ ಸರ್ಕಾರ ಅವರಿಗೆ ಆಜೀವ ಸಂಪುಟ ದರ್ಜೆ ಕೊಟ್ಟಿತು. ಅವರು ಕಣದಿಂದ ಹಿಂದೆ ಸರಿದರು. ಸೊಸೆ ದೇವಿಯಾ ರಾಣೆ ಬಿಜೆಪಿಯಿಂದ ನಿಂತು 13,943 ಮತಗಳ ಅಂತರದಲ್ಲಿ ಗೆದ್ದರು. ಆ ಚುನಾವಣೆಯಲ್ಲಿ ಇಡೀ ಗೋವೆಯ ಅತಿ ದೊಡ್ಡ ಗೆಲುವು ಅದು. ವಾಳಪೈಯಲ್ಲಿ ಪತಿಯ ಅಂತರ 8,085.

ಮಗೋ, ಕಾಂಗ್ರೆಸ್, ಪಕ್ಷೇತರ, ಬಿಜೆಪಿ ಎಂದು ಐವತ್ತು ವರ್ಷದಲ್ಲಿ ಚಿಹ್ನೆಗಳು ಬದಲಾದವು, ಮತ ಬದಲಾಗಲಿಲ್ಲ. ಪಕ್ಷ ಬಿಟ್ಟವರಿಗೆ ಪಾಠ ಕಲಿಸಿ ಎಂಬ ಕರೆ ಸತ್ತರಿಯಲ್ಲಿ ನಡೆಯದಿರುವುದಕ್ಕೆ ಕಾರಣ ಸರಳ. ಅಲ್ಲಿ ಮತದಾರನ ಸಂಬಂಧ ಮನೆಯ ಜೊತೆಗೆ. ಪಕ್ಷಗಳೇ ಆ ಮನೆಯ ಬಾಗಿಲಿಗೆ ಬರುತ್ತವೆ.

ಏಳು ಸಾವಿರ ಮನೆಗಳ ಕ್ಷೇತ್ರ

ಈ ಹಿಡಿತ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಮೊದಲು ಲೆಕ್ಕ ನೋಡಬೇಕು. 2022ರ ಚುನಾವಣೆಯಲ್ಲಿ ಗೋವೆಯ ಮತದಾರರು ಸುಮಾರು 11.5 ಲಕ್ಷ, ಕ್ಷೇತ್ರಗಳು 40. ಒಂದು ಕ್ಷೇತ್ರಕ್ಕೆ ಸರಾಸರಿ 29 ಸಾವಿರ ಮತದಾರರು. ಕರ್ನಾಟಕದಲ್ಲಿ ಆ ಸರಾಸರಿ ಎರಡು ಲಕ್ಷ ಮೂವತ್ತು ಸಾವಿರದ ಮೇಲಿದೆ. ಮನೆಗೆ ನಾಲ್ಕು ಮತ ಎಂದು ಹಿಡಿದರೆ ಗೋವೆಯ ಒಂದು ಕ್ಷೇತ್ರ ಎಂದರೆ ಏಳು ಸಾವಿರ ಚಿಲ್ಲರೆ ಮನೆ. ನೂರು ಜನ ನಂಬಿಕಸ್ಥ ಕಾರ್ಯಕರ್ತರಿದ್ದರೆ ಒಬ್ಬೊಬ್ಬರಿಗೆ ಎಪ್ಪತ್ತು ಮನೆ. ಯಾರ ಮನೆಯಲ್ಲಿ ಮದುವೆ, ಯಾರ ಮಗ ಡಿಪ್ಲೊಮಾ ಮುಗಿಸಿ ಕೂತಿದ್ದಾನೆ, ಯಾರ ಅಜ್ಜಿ ಬಾಂಬೋಳಿಯ ಮೆಡಿಕಲ್ ಕಾಲೇಜಿನಲ್ಲಿ ದಾಖಲಾಗಿದ್ದಾರೆ, ಇದೆಲ್ಲ ಹೆಸರು ಹಿಡಿದು ಗೊತ್ತಿರುತ್ತದೆ. ಹತ್ತು ಹನ್ನೆರಡು ಸಾವಿರ ಮತ ಬಿದ್ದರೆ ಗೆಲುವು. ಮುಖ್ಯಮಂತ್ರಿ ಪ್ರಮೋದ್ ಸಾವಂತರೇ 2022ರಲ್ಲಿ ಸಾಖಳಿಯಲ್ಲಿ ಗೆದ್ದದ್ದು 666 ಮತಗಳಿಂದ.

ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಪ್ರಣಾಳಿಕೆಗಿಂತ ಪರಿಚಯ ದೊಡ್ಡದು. ಪರಿಚಯಕ್ಕೆ ಬೆಲೆ ಬರುವುದು ಶಾಸಕನ ಕೈಯಲ್ಲಿ ಕೊಡಲು ಏನಾದರೂ ಇದ್ದಾಗ. ಗೋವೆಯಲ್ಲಿ ಕೊಡುವುದಕ್ಕೆ ಮೂರು ವಸ್ತುಗಳಿವೆ.

ಮೊದಲನೆಯದು ಸರ್ಕಾರಿ ನೌಕರಿ. ಖಾಸಗಿ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೂ ಸರ್ಕಾರಿ ಗುಮಾಸ್ತಿಕೆಗೂ ಸಂಬಳ, ಭದ್ರತೆ, ಮದುವೆ ಮಾರುಕಟ್ಟೆಯ ಮಾನ ಮೂರರಲ್ಲೂ ಅಜಗಜಾಂತರ. ಆರೋಗ್ಯ, ಲೋಕೋಪಯೋಗಿ, ವಿದ್ಯುತ್ ಖಾತೆಗಳಿಗೆ ಅದಕ್ಕೇ ಅಷ್ಟು ಪೈಪೋಟಿ. 2021ರ ಕೊನೆಯಲ್ಲಿ ಲೋಕೋಪಯೋಗಿ ಇಲಾಖೆಯ ನೇಮಕಾತಿಯಲ್ಲಿ ಹಣ ಓಡಾಡಿದೆ ಎಂದು ಆಡಳಿತ ಪಕ್ಷದ ಶಾಸಕರೇ ಬಹಿರಂಗವಾಗಿ ಆರೋಪಿಸಿದರು, ಸಚಿವರು ಅಲ್ಲಗಳೆದರು. 2024ರ ಕೊನೆಯಲ್ಲಿ ನೌಕರಿ ಕೊಡಿಸುವುದಾಗಿ ನಂಬಿಸಿ ಲಕ್ಷಗಟ್ಟಲೆ ಹಣ ಪಡೆದ ಪ್ರಕರಣಗಳಲ್ಲಿ ಹಲವರ ಬಂಧನವಾಯಿತು. ಮೋಸ ಮಾಡಿದವರ ತಪ್ಪು ಒಂದು ಕಡೆಗಿರಲಿ. ನೌಕರಿ ಎಂದರೆ ಯಾರೋ ಕೊಡಿಸುವ ವಸ್ತು ಎಂದು ಓದಿದ ಮಕ್ಕಳ ತಂದೆತಾಯಂದಿರೂ ನಂಬಿದ್ದರಲ್ಲ, ರೋಗ ಇರುವುದು ಅಲ್ಲಿ.

ಎರಡನೆಯದು ಗಣಿ. ಡಿಚೋಲಿಯ ಕೆಂಪು ಧೂಳಿನಲ್ಲಿ ಎರಡು ತಲೆಮಾರು ಬದುಕಿದೆ. ಅದಿರಿನ ಲಾರಿ, ನದಿಯ ಬಾರ್ಜ್, ಗ್ಯಾರೇಜು, ಹೋಟೆಲು, ಎಲ್ಲವೂ ಅದರ ಮೇಲೆ. ಅಕ್ರಮ ಗಣಿಗಾರಿಕೆಯ ತನಿಖೆ ಮಾಡಿದ ಶಾ ಆಯೋಗದ 2012ರ ವರದಿಯ ನಂತರ ಗಣಿಗಳು ನಿಂತವು. 2018ರಲ್ಲಿ ಸುಪ್ರೀಂ ಕೋರ್ಟು 88 ಗುತ್ತಿಗೆಗಳ ನವೀಕರಣವನ್ನು ರದ್ದುಮಾಡಿದ ಮೇಲೆ ಮತ್ತೊಮ್ಮೆ ನಿಂತವು. ಸಾಲದ ಕಂತು ಕಟ್ಟಲಾಗದ ಲಾರಿ ಮಾಲೀಕ ಯಾರ ಬಾಗಿಲಿಗೆ ಹೋಗಬೇಕು? 2022ರ ಡಿಸೆಂಬರಿನ ಹರಾಜಿನಲ್ಲಿ ಡಿಚೋಲಿ ಮತ್ತು ಶಿರಗಾಂವ್–ಮಯೆ ಭಾಗದ ಗಣಿಗಳು ಕಂಪನಿಗಳ ಪಾಲಾದವು. ಯಾರ ಲಾರಿಗೆ ಮೊದಲ ಸರದಿ ಎಂಬ ಪ್ರಶ್ನೆ ಅದರೊಂದಿಗೆ ಮತ್ತೆ ಜೀವ ಪಡೆಯಿತು.

ಮೂರನೆಯದು, ಎಲ್ಲಕ್ಕಿಂತ ಆಳವಾದದ್ದು, ನೆಲದ ಕಾಗದ.

ಉತಾರೆಯಲ್ಲಿ ಯಾರ ಹೆಸರು?

ನಮ್ಮ ಪಹಣಿಗೆ ಗೋವೆಯಲ್ಲಿ ಸಮಾನವಾದದ್ದು ‘ಒಂದು–ಹದಿನಾಲ್ಕು’ ನಮೂನೆಯ ಉತಾರೆ. ಸರ್ವೆ ನಂಬರು, ಕ್ಷೇತ್ರಫಲ, ಅದರ ಕೆಳಗೆ ಸ್ವಾಧೀನದಾರನ ಹೆಸರು, ಗೇಣಿದಾರನ ಹೆಸರು, ಇತರ ಹಕ್ಕುಗಳು. ಗೇಣಿದಾರನ ಸಾಲಿನಲ್ಲಿ ಅಪ್ಪನ ಹೆಸರಿದ್ದ ಕುಟುಂಬ 1976ರ ತಿದ್ದುಪಡಿಯ ಬಲದಿಂದ ಮಾಮಲೇದಾರರ ಕಚೇರಿಗೆ ಹೋಗಿ ಹಕ್ಕು ಕೇಳಬಹುದು. ಆ ಸಾಲು ಖಾಲಿ ಇದ್ದರೆ ಮೂರು ತಲೆಮಾರಿನಿಂದ ಗೇರು ಬೆಳೆಸಿದ ಗುಡ್ಡವೂ ಅವನದಲ್ಲ. ಸಾಲ ಸಿಗುವುದಿಲ್ಲ, ಪರಿಹಾರ ಸಿಗುವುದಿಲ್ಲ, ಮನೆಗೆ ನಂಬರು ಸಿಗಬೇಕಾದರೂ ಯಾರಾದರೂ ಫೋನು ಮಾಡಬೇಕು.

ಡಿಚೋಲಿ ತಾಲ್ಲೂಕಿನ ಮಯೆಯನ್ನು ನೋಡಿ. ಊರಿನ ಬಹುಪಾಲು ನೆಲ ಪೋರ್ಚುಗೀಸ್ ಬಿರುದಿನ ಒಬ್ಬ ಜಮೀನ್ದಾರ ಕುಟುಂಬದ್ದಾಗಿತ್ತು. ವಿಮೋಚನೆಯಾದ ಮೇಲೆ ಆ ಕುಟುಂಬ ಪೋರ್ಚುಗಲ್ಲಿಗೆ ಹೋಯಿತು. 1964ರ ಕಾನೂನಿನಡಿ ಆ ಆಸ್ತಿ ಸರ್ಕಾರದ ಕಸ್ಟೋಡಿಯನ್ ಕೈಗೆ ಬಂತು. ದೇಶ ಸ್ವತಂತ್ರ, ಊರು ಸ್ವತಂತ್ರ, ಆದರೆ ಮನೆಯ ದುರಸ್ತಿಗೂ ಕಸ್ಟೋಡಿಯನ್ ಕಚೇರಿಯ ಅನುಮತಿಗೆ ಕಾಯುವ ಬಾಳು. ಮಯೆಯ ಜನ ದಶಕಗಳ ಕಾಲ ಹೋರಾಡಿದ ಮೇಲೆ, 2014ರಲ್ಲಿ, ಇಂಥ ಒಡೆತನ ಮತ್ತು ಬಿರುದಿನ ಭೂದಾನಗಳನ್ನು ರದ್ದುಮಾಡುವ ಕಾನೂನು ಬಂತು. ಸನದು ಹಂಚುವ ಕೆಲಸ ಆಮೇಲೂ ಕುಂಟುತ್ತಲೇ ಸಾಗಿತು. ಪ್ರತಿ ಚುನಾವಣೆಯಲ್ಲೂ ಮಯೆಯ ಮೊದಲ ಭರವಸೆ ಭೂಮಿಯ ಹಕ್ಕು. ಒಂದೇ ಭರವಸೆ ಅರ್ಧ ಶತಮಾನ ಬಾಳುತ್ತದೆ ಎಂದರೆ ಅದು ಈಡೇರದಿರುವುದರಲ್ಲೇ ಯಾರಿಗೋ ಲಾಭವಿದೆ ಎಂದು ಜನ ತಿಳಿಯುವುದು ಸಹಜ.

ಸತ್ತರಿಯಲ್ಲಿ ಈ ಗಂಟು ಇನ್ನೂ ಬಿಗಿ. ಮೊಕಾಸೆ ನೆಲ, ಸರ್ಕಾರಿ ನೆಲ, ಅರಣ್ಯ ಎಂಬ ಮೂರು ಹೆಸರಿನ ನಡುವೆ ಸಾಗುವಳಿದಾರನ ಹೆಸರು ಕಾಣೆಯಾಗಿದೆ. 2020ರ ಕೊನೆಯಲ್ಲಿ ಗುಳೇಲಿ ಪಂಚಾಯಿತಿಯ ಮೆಳಾವಳಿಯಲ್ಲಿ ಐಐಟಿಗೆ ಜಾಗ ಅಳೆಯಲು ಅಧಿಕಾರಿಗಳು ಬಂದಾಗ ಅದು ಬಯಲಿಗೆ ಬಂತು. ಸರ್ಕಾರದ ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಊರವರ ಪಾಲಿಗೆ ಅಜ್ಜಂದಿರು ನೆಟ್ಟ ಗೇರುತೋಟ. ಹೆಂಗಸರು ದಾರಿಗೆ ಅಡ್ಡ ಕೂತರು. 2021ರ ಜನವರಿ 6ರಂದು ಪೊಲೀಸರಿಗೂ ಜನರಿಗೂ ಘರ್ಷಣೆಯಾಗಿ ಎರಡೂ ಕಡೆ ಗಾಯಗಳಾದವು. ಯೋಜನೆಯ ಪರವಾಗಿದ್ದ ವಿಶ್ವಜಿತ್ ರಾಣೆಯವರೇ ಮುಖ್ಯಮಂತ್ರಿಗೆ ಪತ್ರ ಬರೆದು ಅದನ್ನು ಕೈಬಿಡಿ ಎಂದರು. ಜನವರಿ 15ರಂದು ಸರ್ಕಾರ ಯೋಜನೆಯನ್ನು ಸತ್ತರಿಯಿಂದ ಹಿಂತೆಗೆಯಿತು.

ಈ ಘಟನೆ ಎರಡು ಮಾತು ಹೇಳುತ್ತದೆ. ಎಷ್ಟೇ ಗಟ್ಟಿಯಾದ ಮನೆತನವೂ ನೆಲದ ವಿಷಯದಲ್ಲಿ ಎದ್ದು ನಿಂತ ಜನರ ಮುಂದೆ ಬಗ್ಗುತ್ತದೆ. ಆದರೆ ಮೆಳಾವಳಿಯ ಜನ ಅಂದು ಗೆದ್ದದ್ದು ಯೋಜನೆ ಬರದಂತೆ ತಡೆಯುವುದರಲ್ಲಿ ಮಾತ್ರ. ಉತಾರೆಯ ಸಾಲು ತುಂಬಲಿಲ್ಲ. ಒಂದೇ ವರ್ಷದ ಬಳಿಕ ನಡೆದ ಚುನಾವಣೆಯಲ್ಲಿ ಸತ್ತರಿ ತನ್ನ ಪರ್ಯೆ, ವಾಳಪೈ ಎರಡೂ ಕ್ಷೇತ್ರಗಳನ್ನು ಅದೇ ಮನೆಗೆ ಕೊಟ್ಟಿತು. ಕಾಗದ ಕೈಗೆ ಬರುವ ತನಕ ಸರ್ಕಾರದಲ್ಲಿ ತಮ್ಮ ಪರ ಮಾತಾಡುವ ಒಬ್ಬರು ಬೇಕು ಎಂಬ ಲೆಕ್ಕಾಚಾರ ಅದರಲ್ಲಿದೆ. ಅದನ್ನು ಗುಲಾಮಗಿರಿ ಎಂದು ಜರೆಯುವುದು ಅನ್ಯಾಯ. ಬೇರೆ ದಾರಿ ಕಾಣದವರ ವಿವೇಕ ಅದು.

2023ರ ಜುಲೈಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಮಹದಾಯಿ ಅಭಯಾರಣ್ಯ ಮತ್ತು ಅದರ ಸುತ್ತಲಿನ ಕಾಡನ್ನು ಮೂರು ತಿಂಗಳೊಳಗೆ ಹುಲಿ ಸಂರಕ್ಷಿತ ಪ್ರದೇಶವೆಂದು ಪ್ರಕಟಿಸಬೇಕೆಂದು ಆದೇಶಿಸಿತು. ಕಾಡಿನ ನಿವಾಸಿಗಳ ಹಕ್ಕಿನ ಅರ್ಜಿಗಳನ್ನು ವರ್ಷದೊಳಗೆ ತೀರ್ಮಾನಿಸಿ ಎಂದೂ ಹೇಳಿತು. ಅರಣ್ಯ ಸಚಿವರಾಗಿದ್ದ ವಿಶ್ವಜಿತ್ ರಾಣೆ ಜನರ ಒಕ್ಕಲೆಬ್ಬಿಸುವಿಕೆಯ ಮಾತೆತ್ತಿ ಹುಲಿ ಯೋಜನೆಯನ್ನು ವಿರೋಧಿಸಿದರು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹುಲಿಯ ಚರ್ಚೆ ಪತ್ರಿಕೆಗಳ ಮುಖಪುಟ ತುಂಬಿತು. ಹಕ್ಕಿನ ಅರ್ಜಿಗಳ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ಜನರಿಗೆ ಹಕ್ಕುಪತ್ರ ಸಿಕ್ಕಿದ್ದರೆ ಹುಲಿಯ ಹೆಸರಿನಲ್ಲಿ ಅವರನ್ನು ಹೆದರಿಸುವುದೂ ಸಾಧ್ಯವಿರಲಿಲ್ಲ, ಹುಲಿಯ ಭಯದಿಂದ ಕಾಪಾಡುತ್ತೇನೆ ಎನ್ನುವುದೂ ಸಾಧ್ಯವಿರಲಿಲ್ಲ.

ಡಿಚೋಲಿ ಏಕೆ ಬೇರೆ?

1980ರ ದಶಕದಲ್ಲಿ ಡಿಚೋಲಿಯಲ್ಲಿ ಗೇರುಬೀಜದ ಉದ್ಯಮಿ ಹರೀಶ್ ಝಾಂಟ್ಯೆ ಮುಂದೆ ಬಂದರು, 1991ರಲ್ಲಿ ಪಣಜಿಯಿಂದ ಲೋಕಸಭೆಗೂ ಹೋದರು. ಆಮೇಲೆ ಕ್ಷೇತ್ರ ಮಗೋದ ಪಾಂಡುರಂಗ ರಾವುತ್, ಬಿಜೆಪಿಯ ರಾಜೇಶ್ ಪಾಟ್ಣೇಕರ್, 2012ರಲ್ಲಿ ಪಕ್ಷೇತರ ನರೇಶ್ ಸಾವಳ್, 2017ರಲ್ಲಿ ಮತ್ತೆ ಪಾಟ್ಣೇಕರ್, 2022ರಲ್ಲಿ ಪಕ್ಷೇತರ ವೈದ್ಯ ಚಂದ್ರಕಾಂತ ಶೇಟ್ಯೆ, ಹೀಗೆ ಕೈಯಿಂದ ಕೈಗೆ ಹೋಯಿತು. ಡಿಚೋಲಿಯಲ್ಲಿ ಪೇಟೆಯಿದೆ, ನಗರಸಭೆಯಿದೆ, ಕೈಗಾರಿಕಾ ವಸಾಹತಿದೆ, ಅನೇಕ ಗಣಿ ಕಂಪನಿಗಳಿದ್ದವು. ಬದುಕಿನ ದಾರಿಗಳು ಹಲವಾದಾಗ ಬಾಗಿಲುಗಳೂ ಹಲವಾಗುತ್ತವೆ. ಒಬ್ಬರ ಮನೆಯಲ್ಲಿ ಕೆಲಸವಾಗದಿದ್ದರೆ ಇನ್ನೊಬ್ಬರ ಮನೆ ಇರುತ್ತದೆ.

ಹಾಗೆಂದು ಡಿಚೋಲಿ ತಾಲ್ಲೂಕು ಕುಟುಂಬ ರಾಜಕಾರಣದಿಂದ ಪೂರ್ತಿ ಮುಕ್ತವಲ್ಲ. ಹಕ್ಕುಪತ್ರಕ್ಕೆ ಕಾದ ಮಯೆಯಲ್ಲಿ 2012ರಲ್ಲಿ ಗೆದ್ದವರು ಅನಂತ ಶೇಟ್. 2017ರಲ್ಲಿ ಗೆದ್ದವರು ಹರೀಶ್ ಝಾಂಟ್ಯೆಯವರ ಮಗ ಪ್ರವೀಣ್. 2022ರಲ್ಲಿ ಗೆದ್ದವರು ಅನಂತ ಶೇಟರ ತಮ್ಮ ಪ್ರೇಮೇಂದ್ರ. ಒಂದು ಮನೆಗೆ ಗುತ್ತಿಗೆ ಸಿಗಲಿಲ್ಲ, ಎರಡು ಮನೆಗಳ ನಡುವೆ ಸರದಿ ನಡೆಯಿತು. ಮುಖ್ಯಮಂತ್ರಿ ಸಾವಂತರು ಕೋಟಂಬಿ ಗ್ರಾಮದವರು, ಆಯುರ್ವೇದ ವೈದ್ಯರು, ಜಿಲ್ಲಾ ಪಂಚಾಯಿತಿ ಸದಸ್ಯರ ಮಗ. ದೊಡ್ಡ ಮನೆತನವಿಲ್ಲದೆಯೂ ಅಲ್ಲಿಂದ ಮೇಲೇರಬಹುದು ಎಂಬುದಕ್ಕೆ ಅವರೇ ಸಾಕ್ಷಿ. 666ರ ಅಂತರ ಅಲ್ಲಿ ಯಾರೂ ಕಾಯಂ ಅಲ್ಲ ಎಂಬುದಕ್ಕೆ ಸಾಕ್ಷಿ.

ಗೋವೆಯ ದಕ್ಷಿಣ ತುದಿಯೂ ಇದನ್ನೇ ಹೇಳುತ್ತದೆ. 2012ರಲ್ಲಿ ಕಾಂಗ್ರೆಸ್ ಆಲೆಮಾವ್ ಕುಟುಂಬದ ನಾಲ್ವರಿಗೆ ಟಿಕೆಟ್ ಕೊಟ್ಟಿತು: ಚರ್ಚಿಲ್, ತಮ್ಮ ಜೋಕಿಂ, ಚರ್ಚಿಲ್ ಮಗಳು ವಾಲಂಕಾ, ಜೋಕಿಂ ಮಗ ಯೂರಿ. ನಾಲ್ವರೂ ಸೋತರು. ಅದೇ ಚುನಾವಣೆಯಲ್ಲಿ, ಅದೇ ಪಕ್ಷದಿಂದ ನಿಂತ ರಾಣೆ ತಂದೆಮಗ ಇಬ್ಬರೂ ಗೆದ್ದರು. ಕುಟುಂಬ ರಾಜಕಾರಣಕ್ಕೆ ಜನ ಬೇಸತ್ತರು ಎಂಬ ವಿವರಣೆ ಮೊದಲನೆಯದಕ್ಕೆ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದಿಲ್ಲ. ಅವಲಂಬನೆ ಎಲ್ಲಿ ಎಷ್ಟು ಆಳ ಎಂಬ ವಿವರಣೆ ಎರಡಕ್ಕೂ ಹೊಂದುತ್ತದೆ.

ಇನ್ನೊಂದು ಸಂಗತಿ ಮನಸ್ಸಿಗೆ ಚುಚ್ಚುತ್ತದೆ. 2022ರಲ್ಲಿ ಗೋವಾ ವಿಧಾನಸಭೆಗೆ ಗೆದ್ದ ಮಹಿಳೆಯರು ಮೂವರು: ದೇವಿಯಾ ರಾಣೆ, ಜೆನಿಫರ್ ಮೊನ್ಸೆರಾತ್, ಡಿಲೈಲಾ ಲೋಬೊ. ಮೂವರ ಪತಿಯರೂ ಅದೇ ಸದನದ ಶಾಸಕರು. ಅವರ ಸಾಮರ್ಥ್ಯವನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಪಂಚಾಯಿತಿಗಳಲ್ಲಿ ದುಡಿದ ನೂರಾರು ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಮನೆತನದ ಆಸರೆಯಿಲ್ಲದೆ ಆ ಸದನದ ಬಾಗಿಲು ತೆರೆಯಲಿಲ್ಲ ಎಂಬುದು ಪಕ್ಷಗಳ ಅಪರಾಧ.

ಘಟ್ಟದ ಮೇಲಿನ ನಾವು

ಇದನ್ನು ಗೋವೆಯ ಕತೆ ಎಂದು ಓದಿ ಮುಗಿಸುವಂತಿಲ್ಲ. ಚೋರ್ಲಾ ಹತ್ತಿ ಬೆಳಗಾವಿ ಜಿಲ್ಲೆಗೆ ಬಂದರೆ ಗೋಕಾಕದ ಜಾರಕಿಹೊಳಿ ಕುಟುಂಬವಿದೆ. ಸತೀಶ್ ಕಾಂಗ್ರೆಸ್ ಸಚಿವರು, ರಮೇಶ್ ಮತ್ತು ಬಾಲಚಂದ್ರ ಬಿಜೆಪಿ ಶಾಸಕರು, ಲಖನ್ 2021ರಲ್ಲಿ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಗೆದ್ದವರು, ಸತೀಶರ ಮಗಳು ಪ್ರಿಯಾಂಕಾ 2024ರಲ್ಲಿ ಚಿಕ್ಕೋಡಿಯ ಸಂಸದೆ. ಯಾವ ಪಕ್ಷ ಬಂದರೂ ಮನೆಯ ಒಬ್ಬರು ಅಧಿಕಾರದ ಹತ್ತಿರ ಇರುತ್ತಾರೆ. ಸತ್ತರಿಯ ತಂದೆಮಗನ ಐದು ವರ್ಷ ನೆನಪಾಗುತ್ತದೆ. ನಮ್ಮಲ್ಲಿ ಉಳುವವನಿಗೆ ನೆಲ ಸಿಕ್ಕಿತು, ಆದರೆ ಅವನ ಕಬ್ಬು, ಹಾಲು, ಸಾಲ ಮೂರೂ ಸಕ್ಕರೆ ಕಾರ್ಖಾನೆ, ಹಾಲು ಒಕ್ಕೂಟ, ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳ ಕೈಗೆ ಹೋದವು. ಅವಲಂಬನೆ ನೆಲದಿಂದ ಸೊಸೈಟಿಗೆ ಜಾಗ ಬದಲಿಸಿತು.

ಹಾಗಿದ್ದರೂ ಹೆಸರೊಂದೇ ಗೆಲ್ಲಿಸುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಸಚಿವರ ಮಕ್ಕಳಾದ ಪ್ರಿಯಾಂಕಾ ಜಾರಕಿಹೊಳಿ, ಸಾಗರ್ ಖಂಡ್ರೆ ಗೆದ್ದರು. ಮೃಣಾಲ್ ಹೆಬ್ಬಾಳ್ಕರ್, ಸಂಯುಕ್ತಾ ಪಾಟೀಲ್, ಸೌಮ್ಯಾ ರೆಡ್ಡಿ ಸೋತರು. ನಿಖಿಲ್ ಕುಮಾರಸ್ವಾಮಿ ಮಂಡ್ಯ, ರಾಮನಗರ, ಚನ್ನಪಟ್ಟಣ ಮೂರೂ ಕಡೆ ಸೋತಿದ್ದಾರೆ.

ಗೋವೆಗೆ ಕೂಲಿಗಾಗಿ ಹೋದ ನಮ್ಮವರ ಬಾಳಿನಲ್ಲಿ ಈ ಪಾಠ ಇನ್ನೂ ಕಠಿಣ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಹೋದವರು ವಾಸ್ಕೋದ ಬೈನಾದಲ್ಲಿ, ಝುವಾರಿನಗರದಲ್ಲಿ ಮನೆ ಕಟ್ಟಿಕೊಂಡು ಮತದಾರರೂ ಆದರು. 2024ರ ಏಪ್ರಿಲಿನಲ್ಲಿ ಸಾಂಗೊಲ್ಡಾದಲ್ಲಿ ಕೊಮುನಿದಾದ್, ಅಂದರೆ ಗ್ರಾಮ ಸಮುದಾಯದ, ಜಾಗದ ಮನೆಗಳನ್ನು ಕೋರ್ಟಿನ ಆದೇಶದಂತೆ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡದ ಕುಟುಂಬಗಳಿದ್ದವು. ಕರ್ನಾಟಕದ ಮುಖ್ಯಮಂತ್ರಿ ಗೋವೆಯ ಮುಖ್ಯಮಂತ್ರಿಗೆ ಮನವಿ ಮಾಡಿದರು. ಮತದಾರರ ಪಟ್ಟಿಯಲ್ಲಿ ಹೆಸರಿದ್ದು ನೆಲದ ದಾಖಲೆಯಲ್ಲಿ ಹೆಸರಿಲ್ಲದವರು ಐದು ವರ್ಷಕ್ಕೊಮ್ಮೆ ಬೇಕಾದವರು, ಉಳಿದ ದಿನ ಬೇಡವಾದವರು.

ಸಮರ್ಥನೆ ಮತ್ತು ಉತ್ತರ

ವೈದ್ಯರ ಮಗ ವೈದ್ಯನಾಗಬಹುದಾದರೆ ಶಾಸಕರ ಮಗ ಶಾಸಕನಾದರೇನು ಎಂದು ಕೇಳುವವರಿದ್ದಾರೆ. ವೈದ್ಯರ ಮಗ ಪರೀಕ್ಷೆ ಪಾಸಾಗಬೇಕು, ಅಪ್ಪನ ರೋಗಿಗಳು ಅವನಿಗೆ ಆಸ್ತಿಯಾಗಿ ಬರುವುದಿಲ್ಲ. ರಾಜಕೀಯ ಮನೆತನದಲ್ಲಿ ವಾರಸುದಾರನಿಗೆ ಬರುವುದು ಹಂಗಿನಲ್ಲಿರುವ ಜನರೇ. ಜನರೇ ಆರಿಸುತ್ತಾರಲ್ಲ ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ಹೌದು, ಆರಿಸುತ್ತಾರೆ, ಆ ಮತ ಪವಿತ್ರ. ನೌಕರಿ, ಜಾಗ, ಆಸ್ಪತ್ರೆಯ ಹಾಸಿಗೆ ಹಕ್ಕಾಗಿ ಸಿಗುವ ದಿನವೂ ಅವರನ್ನೇ ಆರಿಸಿದರೆ ಆಗ ಅದಕ್ಕೆ ಎದುರಾಡುವವರಿಲ್ಲ.

ಕೆಲಸ ಮಾಡಿಕೊಡುತ್ತಾರೆ ಎಂಬ ಮಾತೂ ಸುಳ್ಳಲ್ಲ. 108 ಆಂಬುಲೆನ್ಸ್ ಗೋವೆಗೆ ಬಂದದ್ದು ವಿಶ್ವಜಿತ್ ರಾಣೆ ಆರೋಗ್ಯ ಸಚಿವರಾಗಿದ್ದಾಗ. ಆದರೆ ವ್ಯಕ್ತಿಯ ಮೇಲೆ ನಿಂತ ವ್ಯವಸ್ಥೆಯ ಕೊರತೆ ಸಂಕಟದ ದಿನ ಕಾಣುತ್ತದೆ. 2021ರ ಮೇ ತಿಂಗಳ ಕೋವಿಡ್ ಅಲೆಯಲ್ಲಿ ಗೋವಾ ಮೆಡಿಕಲ್ ಕಾಲೇಜಿನಲ್ಲಿ ನಸುಕಿನ ಹೊತ್ತು ರೋಗಿಗಳು ಸಾಯುತ್ತಿದ್ದಾಗ, ಆಮ್ಲಜನಕದ ಪೂರೈಕೆಯ ಬಗ್ಗೆ ಹೈಕೋರ್ಟ್ ತನಿಖೆಯಾಗಲಿ ಎಂದು ಆರೋಗ್ಯ ಸಚಿವರೇ ಕೇಳಬೇಕಾಯಿತು. 2025ರ ಜೂನ್‌ನಲ್ಲಿ ಅದೇ ಆಸ್ಪತ್ರೆಯಲ್ಲಿ ಅವರು ಹಿರಿಯ ವೈದ್ಯರೊಬ್ಬರನ್ನು ಎಲ್ಲರೆದುರು ಗದರಿಸಿ ಅಮಾನತು ಮಾಡಿ ಎಂದರು. ವೈದ್ಯರು ಪ್ರತಿಭಟಿಸಿದರು, ಮುಖ್ಯಮಂತ್ರಿ ಅಮಾನತು ಇಲ್ಲವೆಂದರು, ಸಚಿವರು ಕ್ಷಮೆ ಕೇಳಿದರು. ನಿಯಮ ಮುಂದಿರಬೇಕಾದ ಕಡೆ ಯಜಮಾನ ಮುಂದಿದ್ದರೆ ಒಳ್ಳೆಯ ಉದ್ದೇಶವೂ ದರ್ಪವಾಗುತ್ತದೆ.

ಆಗಬೇಕಾದದ್ದು

ಮನೆತನಗಳನ್ನು ಬೈದು ಮನೆತನಗಳು ಹೋಗುವುದಿಲ್ಲ. ಅವುಗಳ ಬೇರಿಗೆ ನೀರು ಎಲ್ಲಿಂದ ಬರುತ್ತದೆಯೋ ಆ ಕಾಲುವೆ ಮುಚ್ಚಬೇಕು. ಮಯೆಯ ಸನದು, ಸತ್ತರಿಯ ಸಾಗುವಳಿ ಹಕ್ಕು, 2006ರ ಅರಣ್ಯ ಹಕ್ಕು ಕಾನೂನಿನ ಅರ್ಜಿಗಳು ಗಡುವಿನೊಳಗೆ ಇತ್ಯರ್ಥವಾಗಬೇಕು. ಸರ್ಕಾರಿ, ಕೊಮುನಿದಾದ್ ಜಾಗಗಳ ಮನೆಗಳನ್ನು ಸಕ್ರಮ ಮಾಡಲು ಗೋವಾ ಸರ್ಕಾರ 2025ರಲ್ಲಿ ‘ಮ್ಹಜೆ ಘರ್’ ಯೋಜನೆ ತಂದಿದೆ. ಅದರ ಹಕ್ಕುಪತ್ರ ಶಾಸಕರ ಕಚೇರಿಯ ಶಿಫಾರಸಿಲ್ಲದೆ ಮಾಮಲೇದಾರರ ಕಚೇರಿಯಿಂದ ನೇರ ಮನೆಗೆ ಬರಬೇಕು. 2019ರ ಕಾನೂನಿನಂತೆ ರಚನೆಯಾದ ಸಿಬ್ಬಂದಿ ಆಯ್ಕೆ ಆಯೋಗದ ಹೊರಗೆ ಒಂದು ಗುಮಾಸ್ತ ಹುದ್ದೆಯೂ ತುಂಬಬಾರದು, ಪ್ರತಿಯೊಬ್ಬ ಅಭ್ಯರ್ಥಿಯ ಅಂಕ ಪ್ರಕಟವಾಗಬೇಕು. ಪಕ್ಷಗಳು ಟಿಕೆಟ್ ಕೊಡುವಾಗ ಮಂಡಲದ ಕಾರ್ಯಕರ್ತರ ಮತ ಪಡೆಯಬೇಕು, ಮಹಿಳಾ ಮೀಸಲಾತಿ ಜಾರಿಯಾಗುವ ಮೊದಲೇ ಪಂಚಾಯಿತಿಯ ಹೆಣ್ಣುಮಕ್ಕಳಿಗೆ ದಾರಿ ಬಿಡಬೇಕು.

ಬಾಂದೋಡ್ಕರ್ ಕುಟುಂಬ ಉಳುವವನಿಗೆ ನೆಲ ಕೊಟ್ಟು ಅಧಿಕಾರ ಕಳೆದುಕೊಂಡಿತು, ಗೌರವ ಉಳಿಸಿಕೊಂಡಿತು. ಐವತ್ತು ವರ್ಷ ಸತ್ತರಿಯ ಮತ ಪಡೆದ ಮನೆಗೂ ಆ ದಾರಿ ಇನ್ನೂ ತೆರೆದಿದೆ. ಮತದಾರರಲ್ಲಿ ನನ್ನ ಬೇಡಿಕೆ ಒಂದೇ, ಘಟ್ಟದ ಕೆಳಗಿನವರಿಗೂ ಮೇಲಿನವರಿಗೂ: ಮುಂದಿನ ಸಲ ಅಭ್ಯರ್ಥಿ ಬಾಗಿಲಿಗೆ ಬಂದಾಗ ಅವರು ಯಾರ ಮಗ, ಯಾರ ಸೊಸೆ ಎಂದು ಕೇಳಬೇಡಿ. ನಿಮ್ಮ ಹೆಸರಿನ ಹಕ್ಕುಪತ್ರ ಯಾವ ತಾರೀಕಿಗೆ ಕೈಗೆ ಬರುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.